ಕಾಣದ ಸರಕಿಗೆ ಕಾವಲು

1861ರಿಂದ 1865ರವರೆಗೆ ಮುಂಬಯಿ ನಗರವು ಕಂಡ ಸಂಪತ್ತಿಗೂ ಅದರ ಬೆನ್ನಲ್ಲೇ ಬಂದೊದಗಿದ ವಿಪತ್ತಿಗೂ ಮೂಲವಿದ್ದದ್ದು ಆ ಊರಿನಲ್ಲಲ್ಲ, ಸಾವಿರಾರು ಮೈಲಿಗಳಾಚೆಯ ಅಮೆರಿಕದಲ್ಲಿ. ಅಲ್ಲಿಯ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧವು ಹೊತ್ತಿಕೊಂಡು, ದಕ್ಷಿಣದ ರೇವುಗಳಿಗೆ ದಿಗ್ಬಂಧನ ಬಿದ್ದು, ಲ್ಯಾಂಕಶೈರಿನ ಗಿರಣಿಗಳಿಗೆ ಅಮೆರಿಕದ ಅರಳೆ ಬರುವುದು ನಿಂತುಹೋದಾಗ, ಗುಜರಾತಿನ ಅರಳೆಗೂ ವರ್ಹಾಡದ ಅರಳೆಗೂ ನಮ್ಮ ಧಾರವಾಡ ಸೀಮೆಯ ಅರಳೆಗೂ ಹಿಂದೆಂದೂ ಇಲ್ಲದ ಬೆಲೆ ಬಂದು, ಇಂಗ್ಲೆಂಡಿನ ಹಣವು ಮುಂಬಯಿಗೆ ಹೊಳೆಯಾಗಿ ಹರಿಯಿತು. ಅಷ್ಟು ಹಣಕ್ಕೆ ತಕ್ಕ ಉದ್ಯಮವು ಆ ಊರಿನಲ್ಲಿ ಇಲ್ಲದೆ ಹೋದುದರಿಂದ, ಉದ್ಯಮದ ಹೆಸರು ಹೊತ್ತ ಕಂಪೆನಿಗಳು ಒಂದರ ಮೇಲೊಂದಾಗಿ ಹುಟ್ಟಿಕೊಂಡವು. ಬ್ಯಾಂಕುಗಳು, ಲೇವಾದೇವಿಯ ಸಂಸ್ಥೆಗಳು, ಕಡಲನ್ನು ತುಂಬಿ ನೆಲಮಾಡುವ ಯೋಜನೆಗಳು ಎಲ್ಲವೂ ಷೇರು ಹೊರಡಿಸಿದವು. ಬ್ಯಾಕ್ ಬೇ ಕಂಪೆನಿಯ ಐದು ಸಾವಿರ ರೂಪಾಯಿಯ ಷೇರು ಅದರ ಹತ್ತು ಮಡಿ ಬೆಲೆಗೆ ಕೈಬದಲಾಯಿತು. ಈ ಭರಾಟೆಗೆ ನಾಯಕನೆನಿಸಿದ್ದ ಪ್ರೇಮಚಂದ ರಾಯಚಂದನ ಮಾತೇ ಬ್ಯಾಂಕ್ ಆಫ್ ಬಾಂಬೆಯ ಸಾಲಕ್ಕೆ ಆಧಾರವಾಗಿತ್ತೆನ್ನಬೇಕು. 1865ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಅರಳೆಯ ಬೆಲೆ ಇಳಿಯಿತು, ಜುಲೈ 1ರಂದು ತೀರಿಸಬೇಕಾಗಿದ್ದ ವಾಯಿದೆಯ ವ್ಯಾಪಾರಗಳನ್ನು ತೀರಿಸಲು ಯಾರ ಕೈಯಲ್ಲಿಯೂ ಹಣವಿರಲಿಲ್ಲ. ಮೂರು ವರ್ಷಗಳ ತರುವಾಯ ಆ ಬ್ಯಾಂಕೂ ಬಾಗಿಲು ಮುಚ್ಚಿತು.

ಈ ವೃತ್ತಾಂತವನ್ನು ಬರೆದವರಲ್ಲಿ ಹಲವರು ಅದನ್ನು ಲೋಭದ ಕಥೆಯೆಂದೇ ಎಣಿಸಿದ್ದಾರೆ. ಲೋಭ ಇದ್ದದ್ದು ನಿಜ. ಆದರೆ ಲೋಭವು ಎಲ್ಲ ಪೇಟೆಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಇರತಕ್ಕದ್ದೇ. ಅಲ್ಲಿ ಇಲ್ಲದೆ ಇದ್ದದ್ದು ಇನ್ನೊಂದು: ಷೇರು ಕೊಳ್ಳುವವನಿಗೆ ಕಂಪೆನಿಯ ನಿಜಸ್ಥಿತಿಯನ್ನು ಅರುಹಲೇಬೇಕೆಂದು ಮಾರುವವನನ್ನು ನಿರ್ಬಂಧಿಸಿ, ಆ ನಿರ್ಬಂಧವು ನಡೆಯುತ್ತಿದೆಯೇ ಎಂದು ಕಣ್ಣಿಟ್ಟು ನೋಡತಕ್ಕ ಒಂದು ಅಧಿಕಾರಸ್ಥಾನ. ಸಂತೆಯಲ್ಲಿ ರಾಗಿ ಕೊಳ್ಳುವವನು ಕಾಳನ್ನು ಬೊಗಸೆಯಲ್ಲಿ ಎತ್ತಿ ನೋಡಬಲ್ಲನು, ಕಲ್ಲಿದ್ದರೆ ಬಿಟ್ಟು ಮುಂದಿನ ಅಂಗಡಿಗೆ ಹೋಗಬಲ್ಲನು. ಷೇರು ಕೊಳ್ಳುವವನಿಗೆ ಆ ಸೌಕರ್ಯವಿಲ್ಲ. ಅವನು ಕೊಳ್ಳುವುದು ತಾನು ಕಾಣದ ಕಾರ್ಖಾನೆಯೊಂದು ಮುಂದೆ ಗಳಿಸಬಹುದಾದ, ಇನ್ನೂ ಹುಟ್ಟದ ಲಾಭದಲ್ಲಿ ಒಂದು ಅಂಶವನ್ನು; ಮಾರುವವನು ಯಾರೆಂಬುದು ಅವನಿಗೆ ತಿಳಿಯದು; ಸರಕಿನ ಗುಣವನ್ನು ಅವನು ಅರಿಯುವುದು ಅನ್ಯರು ಬರೆದ ಲೆಕ್ಕಪತ್ರಗಳಿಂದ ಮಾತ್ರ. ಆದಕಾರಣ ಈ ಪೇಟೆಯ ಶಾಸನವೆಂಬುದು ಮುಖ್ಯವಾಗಿ ತಿಳಿವಿನ ಶಾಸನ. ಯಾರಿಗೆ ಏನು ತಿಳಿದಿರಬೇಕು, ಎಂದಿಗೆ ತಿಳಿಯಬೇಕು, ತಿಳಿಸದವನಿಗೆ ಏನಾಗಬೇಕು ಎಂಬ ಪ್ರಶ್ನೆಗಳಿಗೆ ನಮ್ಮ ದೇಶವು ಒಂದೂವರೆ ಶತಮಾನದಿಂದ ಕಂಡುಕೊಳ್ಳುತ್ತ ಬಂದಿರುವ ಉತ್ತರಗಳೇ ಈ ಲೇಖನದ ವಿಷಯ.

ಮೊದಲಿನ ಉತ್ತರವನ್ನು ಕೊಟ್ಟವರು ದಲ್ಲಾಳಿಗಳೇ. ಮುಂಬಯಿಯ ಟೌನ್ ಹಾಲಿನ ಬಳಿಯ ಆಲದ ಮರದ ಕೆಳಗೆ ಸೇರಿ ವ್ಯಾಪಾರ ನಡೆಸುತ್ತಿದ್ದ ಅವರು, ಕ್ರಮೇಣ ಇಂದು ದಲಾಲ್ ಸ್ಟ್ರೀಟ್ ಎಂದು ಪ್ರಖ್ಯಾತವಾಗಿರುವ ಬೀದಿಗೆ ಬಂದು ನೆಲೆಸಿ, 1875ರಲ್ಲಿ ತಮ್ಮದೊಂದು ಸಂಘವನ್ನು ಸ್ಥಾಪಿಸಿಕೊಂಡರು. ಸಂಘಕ್ಕೆ ನಿಯಮಗಳಿದ್ದವು, ಶಿಸ್ತಿತ್ತು. ಆದರೆ ನಿಯಮವನ್ನು ಮುರಿದವನೂ ಮುರಿದನೆಂದು ತೀರ್ಪು ಕೊಡುವವನೂ ಒಂದೇ ಕೂಟದವರಾಗಿದ್ದರು. 1925ರಲ್ಲಿ ಮುಂಬಯಿ ಪ್ರಾಂತವು ಒಂದು ಕಾಯಿದೆ ಮಾಡಿತಾದರೂ ಅದರ ಹಿಡಿತ ಸಡಿಲವಾಗಿತ್ತು. ಸ್ವಾತಂತ್ರ್ಯ ಬಂದಮೇಲೆ, ಎ. ಡಿ. ಗೋರವಾಲಾ ಅವರ ಅಧ್ಯಕ್ಷತೆಯ ಸಮಿತಿಯು 1951ರಲ್ಲಿ ಕೊಟ್ಟ ವರದಿಯನ್ನು ಆಧರಿಸಿ, ಸಂಸತ್ತು 1956ರಲ್ಲಿ ಷೇರುಪತ್ರ ಕರಾರುಗಳ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. ಸರ್ಕಾರದ ಮನ್ನಣೆ ಪಡೆದ ವಿನಿಮಯ ಕೇಂದ್ರಗಳಲ್ಲಿ ಮಾತ್ರ ವ್ಯಾಪಾರ ನಡೆಯತಕ್ಕದ್ದು ಎಂಬ, ಇಂದಿಗೂ ಉಳಿದಿರುವ ಮೂಲನಿಯಮವು ಆಗ ಬಂದುದು.

ಹೀಗೆ ಪೇಟೆಯ ಕಟ್ಟಡಕ್ಕೆ ಗೋಡೆ ಎದ್ದಿತು. ಆದರೆ ಒಳಗೆ ಬರುವ ಸರಕಿನ ವಿಷಯದಲ್ಲಿ ಸರ್ಕಾರ ಅನುಸರಿಸಿದ ಮಾರ್ಗವು ಬೇರೆಯದಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ದೇಶದ ಹಣವು ಯುದ್ಧಕಾರ್ಯವನ್ನು ಬಿಟ್ಟು ಬೇರೆಡೆಗೆ ಹರಿಯಬಾರದೆಂದು 1943ರಲ್ಲಿ ವಿಧಿಸಿದ ಒಂದು ಕಟ್ಟು, 1947ರಲ್ಲಿ ಬಂಡವಾಳ ನೀಡಿಕೆ ನಿಯಂತ್ರಣ ಕಾಯಿದೆಯಾಗಿ ಮಾರ್ಪಟ್ಟು, ಮುಂದೆ ನಲವತ್ತೈದು ವರ್ಷ ಬಾಳಿತು. ಯಾವ ಕಂಪೆನಿಯು ಎಷ್ಟು ಷೇರುಗಳನ್ನು ಯಾವ ಬೆಲೆಗೆ ಜನರಿಗೆ ಮಾರಬಹುದು ಎಂಬುದನ್ನು ದೆಹಲಿಯ ಒಬ್ಬ ಅಧಿಕಾರಿ, ಅಂದರೆ ಬಂಡವಾಳ ನೀಡಿಕೆಯ ನಿಯಂತ್ರಕನು, ಸೂತ್ರವೊಂದರ ಪ್ರಕಾರ ಗಣಿಸಿ ನಿರ್ಧರಿಸುತ್ತಿದ್ದನು. ಆ ಸೂತ್ರಕ್ಕೆ ಕಂಪೆನಿಯ ಹಿಂದಿನ ಲೆಕ್ಕ ಕಾಣುತ್ತಿತ್ತು, ಮುಂದಿನ ಭವಿಷ್ಯ ಕಾಣುತ್ತಿರಲಿಲ್ಲ. ಜನರಿಗಾಗಿ ಸರ್ಕಾರವೇ ಯೋಚಿಸುತ್ತಿದ್ದ ಆ ಪದ್ಧತಿಯಲ್ಲಿ ಸದುದ್ದೇಶವಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅನುಮತಿ ಸಿಕ್ಕಿತೆಂದರೆ ಸರಕು ಉತ್ತಮವೆಂದೇ ಅರ್ಥವೆಂಬ ಭ್ರಾಂತಿಯನ್ನು ಅದು ಜನರಲ್ಲಿ ಬೆಳೆಸಿತು, ಕೊಳ್ಳುವವನು ತಾನಾಗಿ ವಿಚಾರಿಸುವ ಅಭ್ಯಾಸ ಬೆಳೆಯಲು ಆಸ್ಪದ ಕೊಡಲಿಲ್ಲ.

ಈ ಪದ್ಧತಿಗೆ ಬದಲಾಗಿ ಬಂದುದೇ ಭಾರತೀಯ ಷೇರುಪತ್ರ ಮತ್ತು ವಿನಿಮಯ ಮಂಡಳಿ, ಎಲ್ಲರ ಬಾಯಲ್ಲಿ ಸೆಬಿ. 1988ರ ಏಪ್ರಿಲ್ 12ರಂದು ಸರ್ಕಾರದ ಒಂದು ನಿರ್ಣಯದಿಂದ ಅದು ಹುಟ್ಟಿತಾದರೂ ಅದಕ್ಕೆ ಹೆಸರಿತ್ತು, ಕಚೇರಿಯಿತ್ತು, ಕಾಯಿದೆಯ ಬಲ ಮಾತ್ರ ಇರಲಿಲ್ಲ. ಸಲಹೆ ಕೊಡಬಹುದಾಗಿತ್ತು, ಶಿಕ್ಷೆ ವಿಧಿಸುವಂತಿರಲಿಲ್ಲ. 1992ರ ಜನವರಿ 30ರ ಸುಗ್ರೀವಾಜ್ಞೆಯಿಂದ, ತರುವಾಯ ಅದೇ ವರ್ಷದ ಕಾಯಿದೆಯಿಂದ, ಅದಕ್ಕೆ ಶಾಸನಬದ್ಧ ಅಧಿಕಾರ ದೊರೆತು ಕೆಲವು ವಾರಗಳಾಗಿದ್ದವಷ್ಟೆ, ಸ್ವತಂತ್ರ ಭಾರತದ ಷೇರುಪೇಟೆಯು ಅದುವರೆಗೆ ಕಂಡಿರದಂಥ ವಂಚನೆಯೊಂದು ಹೊರಬಿದ್ದಿತು.

ದಲ್ಲಾಳಿ ಹರ್ಷದ್ ಮೆಹತಾ ಅವರ ಈ ಪ್ರಕರಣವನ್ನು ಜನರು ಷೇರುಪೇಟೆಯ ಹಗರಣವೆಂದು ಕರೆಯುತ್ತಾರೆ. ವಸ್ತುತಃ ಅದರ ಬೇರು ಬ್ಯಾಂಕುಗಳಲ್ಲಿತ್ತು. ಪ್ರತಿ ಬ್ಯಾಂಕೂ ತನ್ನ ಠೇವಣಿಗಳ ಒಂದು ನಿಯತ ಭಾಗವನ್ನು ಸರ್ಕಾರಿ ಸಾಲಪತ್ರಗಳಲ್ಲಿ ಇರಿಸತಕ್ಕದ್ದೆಂಬ ನಿಯಮವುಂಟು. ಒಂದು ಬ್ಯಾಂಕಿಗೆ ಹಣದ ಕೊರತೆ ಬಿದ್ದರೆ ಅದು ತನ್ನಲ್ಲಿರುವ ಸಾಲಪತ್ರಗಳನ್ನು ಇನ್ನೊಂದು ಬ್ಯಾಂಕಿಗೆ ಮಾರಿ, ಇಂತಿಷ್ಟು ದಿನಗಳ ಮೇಲೆ ಇಂಥ ಬೆಲೆಗೆ ಮರಳಿ ಕೊಳ್ಳುವೆನೆಂದು ಒಪ್ಪಂದ ಮಾಡಿಕೊಳ್ಳುತ್ತಿತ್ತು. ಹೆಸರಿಗೆ ಮಾರಾಟವಾದರೂ ತಿರುಳಿನಲ್ಲಿ ಇದು ಅಲ್ಪಾವಧಿಯ ಸಾಲವೇ ಸರಿ. ಇಂಥ ವ್ಯವಹಾರಗಳನ್ನು ಕುದುರಿಸುವ ಮಧ್ಯವರ್ತಿಗಳು ದಲ್ಲಾಳಿಗಳು. ಸಾಲಪತ್ರವನ್ನು ಪ್ರತಿಸಲವೂ ಕೈಯಿಂದ ಕೈಗೆ ಸಾಗಿಸುವ ತೊಡಕನ್ನು ತಪ್ಪಿಸಲು, ‘ಇಂಥ ಪತ್ರವನ್ನು ಮಾರಿದ್ದೇವೆ, ಮುಂದೆ ಒಪ್ಪಿಸುತ್ತೇವೆ’ ಎಂಬ ಒಕ್ಕಣೆಯ ಬ್ಯಾಂಕ್ ರಸೀತಿಯೊಂದು ಬಳಕೆಗೆ ಬಂದಿತ್ತು. ರಿಸರ್ವ್ ಬ್ಯಾಂಕಿನ ಸಾರ್ವಜನಿಕ ಋಣ ಕಚೇರಿಯಲ್ಲಿ ಲೆಕ್ಕಗಳನ್ನು ಇನ್ನೂ ಕೈಯಿಂದಲೇ ಬರೆಯುತ್ತಿದ್ದ ಕಾಲವದು. ರಸೀತಿಯ ಹಿಂದೆ ಸಾಲಪತ್ರ ನಿಜವಾಗಿಯೂ ಇದೆಯೇ ಎಂದು ತಾಳೆ ನೋಡುವ ಹೊತ್ತಿಗೆ ಹಣವು ಎಷ್ಟೋ ಕೈ ದಾಟಿಹೋಗಿರುತ್ತಿತ್ತು.

ಈ ಸಂದಿಯಲ್ಲಿಯೇ ಮೆಹತಾ ನುಸುಳಿದುದು. ಒಂದು ಬ್ಯಾಂಕು ಇನ್ನೊಂದಕ್ಕೆ ಕೊಡಬೇಕಾದ ಚೆಕ್ಕಿನ ಹಣ ಅವರ ಸ್ವಂತ ಖಾತೆಗೆ ಜಮೆಯಾಗತೊಡಗಿತು. ಬ್ಯಾಂಕ್ ಆಫ್ ಕರಾಡ್, ಮೆಟ್ರೊಪಾಲಿಟನ್ ಸಹಕಾರಿ ಬ್ಯಾಂಕ್ ಎಂಬ ಎರಡು ಸಣ್ಣ ಬ್ಯಾಂಕುಗಳು ತಮ್ಮಲ್ಲಿ ಇಲ್ಲದ ಸಾಲಪತ್ರಗಳಿಗೂ ರಸೀತಿ ಬರೆದುಕೊಟ್ಟವು. ಹೀಗೆ ಬ್ಯಾಂಕುಗಳಿಂದ ಹೊರಬಂದ, ಠೇವಣಿದಾರರದೇ ಆದ ಹಣವು ಷೇರುಪೇಟೆಗೆ ಹರಿದು, ಕೆಲವು ಆಯ್ದ ಕಂಪೆನಿಗಳ ಷೇರುಗಳನ್ನು ಮೇಲೆತ್ತಿತು; ಎಸಿಸಿ ಸಿಮೆಂಟ್ ಕಂಪೆನಿಯ ಷೇರು ನೂರರ ಲೆಕ್ಕದಿಂದ ಹಲವು ಸಾವಿರಗಳಿಗೆ ಏರಿತು. 1991ರ ಆರಂಭದಲ್ಲಿ ಸುಮಾರು 1000 ಅಂಶಗಳಲ್ಲಿದ್ದ ಮುಂಬಯಿ ಸೂಚ್ಯಂಕವು 1992ರ ಏಪ್ರಿಲ್ ಹೊತ್ತಿಗೆ 4400ನ್ನು ದಾಟಿತ್ತು. ಹಳ್ಳಿಪಟ್ಟಣಗಳ ಶಾಲಾಮಾಸ್ತರರೂ ಗುಮಾಸ್ತರೂ ಪಿಂಚಣಿದಾರರೂ ಷೇರು ಕೊಳ್ಳಲು ಹೊರಟ ದಿನಗಳವು. ಏಪ್ರಿಲ್ 23ರ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ಸುಚೇತಾ ದಲಾಲ್ ಅವರ ವರದಿ ಪ್ರಕಟವಾಯಿತು. ಸ್ಟೇಟ್ ಬ್ಯಾಂಕಿನ ಲೆಕ್ಕದಲ್ಲಿ ಸಾಲಪತ್ರಗಳು ಕಾಣೆಯಾಗಿರುವುದು ಬಯಲಾಯಿತು. ರಿಸರ್ವ್ ಬ್ಯಾಂಕು ನೇಮಿಸಿದ ಜಾನಕಿರಾಮನ್ ಸಮಿತಿಯು ಕೊರತೆಯನ್ನು ನಾಲ್ಕು ಸಾವಿರ ಕೋಟಿ ರೂಪಾಯಿಗಳಿಗೂ ಮಿಗಿಲೆಂದು ಎಣಿಸಿತು.

ಈ ಪ್ರಕರಣವನ್ನು ಇಷ್ಟು ವಿಸ್ತರಿಸಿದುದಕ್ಕೆ ಕಾರಣವುಂಟು. ಬ್ಯಾಂಕುಗಳನ್ನು ನೋಡಿಕೊಳ್ಳಬೇಕಾದ ರಿಸರ್ವ್ ಬ್ಯಾಂಕು ಬ್ಯಾಂಕುಗಳನ್ನು ನೋಡುತ್ತಿತ್ತು, ಷೇರುಪೇಟೆಯನ್ನು ನೋಡಬೇಕಾದ ಸೆಬಿ ಷೇರುಪೇಟೆಯನ್ನು ನೋಡಲು ಆಗಷ್ಟೇ ಕಲಿಯುತ್ತಿತ್ತು. ಎರಡರ ನಡುವೆ ಹಣ ಹರಿದ ಕಾಲುವೆ ಯಾರ ಕಣ್ಣಿಗೂ ಬೀಳಲಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ನಮ್ಮ ಪೇಟೆಯಲ್ಲಿ ನಡೆದ ಸುಧಾರಣೆಗಳೆಲ್ಲವೂ ಈ ಒಂದು ಗಾಯದ ಚಿಕಿತ್ಸೆಯೆಂದರೆ ಅತಿಶಯೋಕ್ತಿಯಾಗದು.

ಅವುಗಳಲ್ಲಿ ಮೊದಲನೆಯದು ನಿಯಂತ್ರಕನ ಹುದ್ದೆಯ ರದ್ದತಿ. 1992ರ ಮೇ ತಿಂಗಳಿನಲ್ಲಿ ಬಂಡವಾಳ ನೀಡಿಕೆ ನಿಯಂತ್ರಣವು ಕೊನೆಗೊಂಡು, ಕಂಪೆನಿಯು ತನ್ನ ಷೇರಿನ ಬೆಲೆಯನ್ನು ತಾನೇ ಗೊತ್ತುಮಾಡಬಹುದೆಂದಾಯಿತು. ಪ್ರತಿಯಾಗಿ, ಆ ಬೆಲೆಯನ್ನು ತೂಗಿ ನೋಡಲು ಬೇಕಾದ ಸಕಲ ವಿವರಗಳನ್ನೂ ಪ್ರಾಸ್ಪೆಕ್ಟಸಿನಲ್ಲಿ ಜನರ ಮುಂದಿಡತಕ್ಕದ್ದು ಎಂಬ ಕರ್ತವ್ಯ ಅದರ ಮೇಲೆ ಬಿತ್ತು. ಈ ಹೊಸ ಪದ್ಧತಿಯ ಫಲವನ್ನು ಮೊದಮೊದಲು ಕಂಡ ಊರುಗಳಲ್ಲಿ ಬೆಂಗಳೂರೂ ಒಂದು. 1993ರಲ್ಲಿ ಇನ್ಫೋಸಿಸ್ ಕಂಪೆನಿಯು ಹತ್ತು ರೂಪಾಯಿ ಮುಖಬೆಲೆಯ ತನ್ನ ಷೇರನ್ನು 95 ರೂಪಾಯಿಗೆ ಜನರ ಮುಂದಿಟ್ಟಾಗ, ಯಂತ್ರವಿಲ್ಲದ, ಗೋದಾಮಿಲ್ಲದ, ಬುದ್ಧಿಯನ್ನೇ ಬಂಡವಾಳವಾಗಿ ಉಳ್ಳ ಕಂಪೆನಿಗೆ ಅಷ್ಟು ಬೆಲೆಯೇ ಎಂದು ಜನ ಹಿಂಜರಿದರು. ಷೇರುಗಳು ಪೂರ್ತಿಯಾಗಿ ಮಾರಾಟವಾಗದೆ, ವಿದೇಶಿ ಹೂಡಿಕೆ ಸಂಸ್ಥೆಯೊಂದು ಮುಂದೆ ಬಂದು ಒಂದು ಭಾಗವನ್ನು ಕೊಳ್ಳಬೇಕಾಯಿತು. ಹಳೆಯ ಸೂತ್ರದ ಕಾಲದಲ್ಲಿ ಅಂಥ ಬೆಲೆಯನ್ನು ಕೇಳುವ ಅವಕಾಶವೇ ಆ ಕಂಪೆನಿಗೆ ಸಿಗುತ್ತಿರಲಿಲ್ಲ.

ಅದೇ ಬಾಗಿಲಿನಿಂದ ಕಳ್ಳರೂ ಬಂದರೆಂಬುದನ್ನು ಹೇಳದೆ ಬಿಡಲಾಗದು. ತೊಂಬತ್ತರ ದಶಕದ ನಡುವಿನಲ್ಲಿ ಹಣ ಎತ್ತಿ ಹೇಳಹೆಸರಿಲ್ಲದೆ ಹೋದ ಕಂಪೆನಿಗಳು ಒಂದೆರಡಲ್ಲ. ಅವುಗಳನ್ನು ಪತ್ತೆಹಚ್ಚಲೆಂದೇ ಸರ್ಕಾರ 1999ರಲ್ಲಿ ಒಂದು ಸಮಿತಿ ಮಾಡಬೇಕಾಯಿತು. ತೇಗದ ಸಸಿ ನೆಟ್ಟು ಇಪ್ಪತ್ತು ವರ್ಷಗಳಲ್ಲಿ ಲಕ್ಷಾಧೀಶರಾಗಿರೆಂದು ಕರೆದ ಜಾಹೀರಾತುಗಳನ್ನು ನೆನೆಯುವ ಓದುಗರು ಇಂದಿಗೂ ಇದ್ದಾರು. ಆ ತೋಟಗಳ ನಂಬುಗೆ ಮುರಿದ ಮೇಲೆ, ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ಸೆಬಿಯ ನಿಬಂಧನೆಗಳು ಬಂದುದು ಅದೇ ವರ್ಷ.

ಎರಡನೆಯ ಸುಧಾರಣೆಯು ವ್ಯಾಪಾರದ ಕ್ರಮದಲ್ಲಿ ನಡೆಯಿತು. ಹಿಂದೆ ದಲ್ಲಾಳಿಗಳು ಒಂದು ಅಂಗಳದಲ್ಲಿ ಸೇರಿ ಕೂಗುತ್ತ ಕೈಸನ್ನೆ ಮಾಡುತ್ತ ವ್ಯಾಪಾರ ನಡೆಸುತ್ತಿದ್ದರು. ಮೈಸೂರಿನಲ್ಲೋ ಬಳ್ಳಾರಿಯಲ್ಲೋ ಕುಳಿತ ಗಿರಾಕಿಗೆ ತನ್ನ ಷೇರು ಅಂದು ನಿಜವಾಗಿ ಯಾವ ಬೆಲೆಗೆ ಹೋಯಿತೆಂದು ತಿಳಿಯುವ ಮಾರ್ಗವಿರಲಿಲ್ಲ, ದಲ್ಲಾಳಿ ಹೇಳಿದ್ದೇ ಬೆಲೆ. 1994ರಲ್ಲಿ ವ್ಯಾಪಾರ ಆರಂಭಿಸಿದ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು, ಆರ್. ಎಚ್. ಪಾಟೀಲ್ ಅವರ ಮುಂದಾಳುತನದಲ್ಲಿ, ಅಂಗಳವನ್ನೇ ತೊಡೆದುಹಾಕಿ ಗಣಕದ ಪರದೆಯನ್ನು ಸ್ಥಾಪಿಸಿತು. ಉಪಗ್ರಹದ ಮೂಲಕ ಊರೂರಿಗೆ ಒಂದೇ ಬೆಲೆ ಒಂದೇ ಕ್ಷಣದಲ್ಲಿ ಕಾಣತೊಡಗಿತು. 1996ರಲ್ಲಿ ಆ ಕೇಂದ್ರದ ತೀರುವಳಿ ಸಂಸ್ಥೆಯು ಕೆಲಸಕ್ಕೆ ತೊಡಗಿ, ಪ್ರತಿಯೊಬ್ಬ ಮಾರುವವನಿಗೂ ಕೊಳ್ಳುವವನಾಗಿ, ಪ್ರತಿಯೊಬ್ಬ ಕೊಳ್ಳುವವನಿಗೂ ಮಾರುವವನಾಗಿ, ನಡುವೆ ನಿಂತಿತು. ಅಪರಿಚಿತನೊಬ್ಬನು ಹಣ ಕೊಡದೆ ಓಡಿಹೋದರೂ ಇನ್ನೊಬ್ಬ ಅಪರಿಚಿತನಿಗೆ ನಷ್ಟವಿಲ್ಲವೆಂಬ ಈ ಏರ್ಪಾಡು ಪೇಟೆಯ ಒಳಗಿನ ಅತ್ಯಂತ ಮೌನವಾದ, ಅತ್ಯಂತ ಮಹತ್ತಾದ ಸಾಧನೆಯೆಂದು ನಾನು ಬಗೆದಿದ್ದೇನೆ.

ಅದೇ ವರ್ಷ ಠೇವಣಾತಿ ಕಾಯಿದೆಯು ಬಂದು, ಕಾಗದದ ಷೇರುಪತ್ರವು ಡಿಮ್ಯಾಟ್ ಖಾತೆಯ ಬರಹವಾಯಿತು. ಅಂಚೆಯಲ್ಲಿ ಕಳೆದುಹೋದ ಷೇರುಪತ್ರ, ಸಹಿ ಹೊಂದದೆ ಮರಳಿ ಬಂದ ವರ್ಗಾವಣೆಯ ಫಾರಂ, ಖೋಟಾ ಪತ್ರ ಎಂಬ ಸಂಕಟಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಹಿಂದೆ ಒಂದು ವ್ಯಾಪಾರ ಇತ್ಯರ್ಥವಾಗಲು ವಾರಗಳು ಹಿಡಿಯುತ್ತಿದ್ದವು. 2003ರ ಹೊತ್ತಿಗೆ ಅದು ಎರಡು ದಿನಕ್ಕೆ ಇಳಿದು, 2023ರ ಜನವರಿಯಿಂದ ಎಲ್ಲ ಷೇರುಗಳಿಗೂ ಒಂದೇ ದಿನವಾಗಿದೆ. ಖಾತೆಯಲ್ಲಿರುವ ಷೇರು ಸುರಕ್ಷಿತವೆಂಬ ನೆಚ್ಚಿಕೆಗೂ ಒಮ್ಮೆ ಪೆಟ್ಟು ಬಿದ್ದಿತು. ಕಾರ್ವಿ ಎಂಬ ದೊಡ್ಡ ದಲ್ಲಾಳಿ ಸಂಸ್ಥೆಯು ಗಿರಾಕಿಗಳಿಂದ ಪಡೆದಿದ್ದ ಅಧಿಕಾರಪತ್ರವನ್ನು ದುರುಪಯೋಗಪಡಿಸಿ ಅವರ ಷೇರುಗಳನ್ನು ಅಡವಿಟ್ಟು ಸಾಲ ತಂದದ್ದನ್ನು ಕಂಡು, ಸೆಬಿಯು 2019ರ ನವೆಂಬರಿನಲ್ಲಿ ಅದಕ್ಕೆ ತಡೆಯೊಡ್ಡಿತು. ತರುವಾಯ ಬಂದ ನಿಯಮದಂತೆ, ಗಿರಾಕಿಯ ಒಪ್ಪಿಗೆಯು ಅವನ ಫೋನಿಗೆ ಬರುವ ಗುಪ್ತಸಂಖ್ಯೆಯ ಮೂಲಕ ದೃಢಪಟ್ಟ ಹೊರತು ಷೇರನ್ನು ಒತ್ತೆಯಿಡುವಂತಿಲ್ಲ. ಒಂದೇ ಪರದೆಯ ಈ ಯುಗದಲ್ಲಿ ಪ್ರಾದೇಶಿಕ ಪೇಟೆಗಳು ಬಾಳಲಿಲ್ಲ. 1963ರಲ್ಲಿ ಆರಂಭವಾಗಿದ್ದ ಬೆಂಗಳೂರು ಷೇರು ವಿನಿಮಯ ಕೇಂದ್ರವೂ 2014ರಲ್ಲಿ ತನ್ನ ಮನ್ನಣೆಯನ್ನು ಬಿಟ್ಟುಕೊಟ್ಟಿತು.

ಸೆಬಿಯ ರಚನೆಯಲ್ಲಿ ವಿಚಾರವಂತರನ್ನು ಚಿಂತೆಗೆ ಹಚ್ಚತಕ್ಕ ಒಂದು ವೈಶಿಷ್ಟ್ಯವಿದೆ. ರಾಜ್ಯಶಾಸ್ತ್ರವು ಬೇರೆ ಬೇರೆ ಕೈಗಳಲ್ಲಿ ಇರಬೇಕೆಂದು ಬೋಧಿಸುವ ಮೂರು ಅಧಿಕಾರಗಳು ಇಲ್ಲಿ ಒಂದೇ ಮಂಡಳಿಯಲ್ಲಿ ಕೂಡಿವೆ: ನಿಯಮಗಳನ್ನು ರಚಿಸುವುದೂ ಅದೇ, ತನಿಖೆ ನಡೆಸುವುದೂ ಅದೇ, ತೀರ್ಪಿತ್ತು ದಂಡ ವಿಧಿಸುವುದೂ ಅದೇ. ಪೇಟೆಯ ವೇಗವನ್ನು ನೋಡಿದರೆ ಇದು ಅನಿವಾರ್ಯವೆಂದು ತೋರುತ್ತದೆ; ಮಾಮೂಲು ನ್ಯಾಯಾಲಯದ ನಡಿಗೆಯಲ್ಲಿ ಮೊಕದ್ದಮೆ ನಡೆದರೆ ತೀರ್ಪು ಬರುವ ಹೊತ್ತಿಗೆ ಹಣವೂ ಇರದು, ಆರೋಪಿಯೂ ಇರನು. ಆದರೂ ಇಷ್ಟು ಅಧಿಕಾರಕ್ಕೆ ಅಂಕುಶ ಬೇಕು. ಆ ಅಂಕುಶವೇ ಮುಂಬಯಿಯಲ್ಲಿರುವ ಷೇರುಪತ್ರ ಮೇಲ್ಮನವಿ ನ್ಯಾಯಮಂಡಲಿ; ಸೆಬಿಯ ಆಜ್ಞೆಯಿಂದ ನೊಂದವರು ಅಲ್ಲಿಗೆ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಬಹುದು. ನ್ಯಾಯಮಂಡಲಿಯು ಸೆಬಿಯ ಆಜ್ಞೆಗಳನ್ನು ತಳ್ಳಿಹಾಕಿದ ಪ್ರಸಂಗಗಳುಂಟು. ಅದು ಸೆಬಿಗೆ ಆದ ಅವಮಾನವೆಂದು ಪತ್ರಿಕೆಗಳು ಬರೆಯುವುದುಂಟಾದರೂ, ವ್ಯವಸ್ಥೆಯು ಸ್ವಸ್ಥವಾಗಿದೆಯೆಂಬುದಕ್ಕೆ ಅದೇ ಸಾಕ್ಷಿಯೆಂದು ನನ್ನ ಎಣಿಕೆ.

ತಿಳಿವಿನ ಶಾಸನವೆಂದು ಮೇಲೆ ಹೇಳಿದೆನಷ್ಟೆ. ಅದರ ತಿರುಳು ಕಾಣುವುದು ಒಳಸುದ್ದಿಯ ವ್ಯಾಪಾರದ ನಿಷೇಧದಲ್ಲಿ. ಕಂಪೆನಿಯ ಒಳಗಿನವನು ಹೊರಗಿನವರಿಗೆ ಇನ್ನೂ ತಿಳಿಯದ ಸುದ್ದಿಯನ್ನು ಬಳಸಿ ಷೇರು ಕೊಂಡರೆ, ಅವನಿಗೆ ಮಾರಿದವನು ವಂಚಿತನಾದಂತೆ. 1996ರಲ್ಲಿ ಹಿಂದೂಸ್ತಾನ್ ಲೀವರ್ ಕಂಪೆನಿಯು, ತನ್ನೊಡನೆ ವಿಲೀನವಾಗಲಿದ್ದ ಬ್ರೂಕ್ ಬಾಂಡ್ ಲಿಪ್ಟನ್ ಕಂಪೆನಿಯ ಎಂಟು ಲಕ್ಷ ಷೇರುಗಳನ್ನು, ವಿಲೀನದ ಸುದ್ದಿ ಪ್ರಕಟವಾಗುವುದಕ್ಕೆ ಕೆಲವು ವಾರ ಮುಂಚೆ ಯೂನಿಟ್ ಟ್ರಸ್ಟಿನಿಂದ ಕೊಂಡಿತು. ಇದು ಒಳಸುದ್ದಿಯ ವ್ಯಾಪಾರವೆಂದು ಸೆಬಿಯು 1998ರಲ್ಲಿ ತೀರ್ಪಿತ್ತಿತು. ವಿಲೀನದ ವದಂತಿ ಪತ್ರಿಕೆಗಳಲ್ಲಿ ಆಗಲೇ ಬಂದಿತ್ತಾದ್ದರಿಂದ ಸುದ್ದಿ ಗುಪ್ತವಾಗಿರಲಿಲ್ಲವೆಂದು ಮೇಲ್ಮನವಿಯ ಅಧಿಕಾರಿ ಆ ತೀರ್ಪನ್ನು ತಳ್ಳಿಹಾಕಿದರು. ವದಂತಿಯನ್ನು ಓದಿದವನೂ, ಅದು ನಿಜವೆಂದು ಬಲ್ಲವನೂ ಸಮಾನರೆಂಬ ಈ ವಾದವನ್ನು ನಾನು ಒಪ್ಪಲಾರೆ. ನಿಬಂಧನೆಯ ಮಾತುಗಳನ್ನು ಮುಂದೆ ಬಿಗಿಗೊಳಿಸಲಾಯಿತು. 2015ರಲ್ಲಿ ಅದನ್ನು ಹೊಸದಾಗಿಯೇ ಬರೆಯಲಾಯಿತು. ಇಂದು ಇಂಥ ಅಪರಾಧಕ್ಕೆ 25 ಕೋಟಿ ರೂಪಾಯಿ, ಅಥವಾ ಗಳಿಸಿದ ಲಾಭದ ಮೂರರಷ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ ದಂಡ ಬೀಳಬಹುದು.

ತಿಳಿಸುವುದು ಸಾಲದು, ತಿಳಿಸಿದ್ದು ನಿಜವಾಗಿರಬೇಕೆಂಬ ಪಾಠವನ್ನು ಕಲಿಸಿದುದು ಸತ್ಯಂ ಕಂಪೆನಿ. ಉತ್ತಮ ಆಡಳಿತಕ್ಕೆಂದು ಅದಕ್ಕೆ ಪ್ರಶಸ್ತಿ ಬಂದದ್ದು 2008ರಲ್ಲಿ. ಬ್ಯಾಂಕಿನಲ್ಲಿದೆಯೆಂದು ಲೆಕ್ಕದಲ್ಲಿ ತೋರಿಸಿದ್ದ ಐದು ಸಾವಿರ ಕೋಟಿ ರೂಪಾಯಿಗಳಿಗೂ ಮಿಕ್ಕ ಹಣ ಇಲ್ಲವೇ ಇಲ್ಲವೆಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಅವರೇ ಪತ್ರ ಬರೆದು ಒಪ್ಪಿಕೊಂಡದ್ದು 2009ರ ಜನವರಿ 7ರಂದು. ಲೆಕ್ಕಪರಿಶೋಧಕರು ಏನು ನೋಡುತ್ತಿದ್ದರೆಂದು ದೇಶವೇ ಕೇಳಿತು. ಆ ಪರಿಶೋಧಕ ಸಂಸ್ಥೆಗೆ ಸೆಬಿಯು ವಿಧಿಸಿದ ಎರಡು ವರ್ಷಗಳ ನಿಷೇಧವನ್ನು ನ್ಯಾಯಮಂಡಲಿಯು 2019ರಲ್ಲಿ ರದ್ದುಪಡಿಸಿತು. ಅಷ್ಟರಲ್ಲಿ ಪರಿಶೋಧಕರ ಮೇಲೆ ಕಣ್ಣಿಡಲು ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರವೆಂಬ ಪ್ರತ್ಯೇಕ ಸಂಸ್ಥೆಯು 2018ರಲ್ಲಿ ರಚಿತವಾಗಿತ್ತು.

ಕಾವಲುಗಾರರು ಹಲವರಿದ್ದಲ್ಲಿ ಗಡಿಯ ತಂಟೆಗಳೂ ತಪ್ಪುವುದಿಲ್ಲ. ಬ್ಯಾಂಕು, ನೋಟು, ಸರ್ಕಾರಿ ಸಾಲಪತ್ರಗಳು ರಿಸರ್ವ್ ಬ್ಯಾಂಕಿನ ವಶ. ವಿಮೆಗೆ ಒಂದು ಪ್ರಾಧಿಕಾರ, ಪಿಂಚಣಿಗೆ ಒಂದು. ಷೇರು, ಮ್ಯೂಚುವಲ್ ಫಂಡು, 2015ರಿಂದೀಚೆಗೆ ಸರಕುಗಳ ವಾಯಿದೆ ಪೇಟೆ ಸೆಬಿಯ ಪಾಲು. ವಿಮೆಯೂ ಹೌದು, ಷೇರು ಹೂಡಿಕೆಯೂ ಹೌದು ಎನ್ನಿಸುವ ಯೂಲಿಪ್ ಯೋಜನೆಗಳು ಯಾರ ಅಧೀನವೆಂದು 2010ರಲ್ಲಿ ಸೆಬಿಗೂ ವಿಮಾ ಪ್ರಾಧಿಕಾರಕ್ಕೂ ಬಹಿರಂಗವಾಗಿಯೇ ಕಲಹವೆದ್ದು, ಸರ್ಕಾರವು ಸುಗ್ರೀವಾಜ್ಞೆ ಹೊರಡಿಸಿ ಅವನ್ನು ವಿಮಾ ಪ್ರಾಧಿಕಾರಕ್ಕೆ ಒಪ್ಪಿಸಬೇಕಾಯಿತು. ಇನ್ನು ಚೀಟಿ ವ್ಯವಹಾರವು ರಾಜ್ಯ ಸರ್ಕಾರದ ರಿಜಿಸ್ಟ್ರಾರರ ಕೈಯಲ್ಲಿದೆ. ಯಾವ ಗಡಿಯೊಳಗೂ ಸರಿಯಾಗಿ ಬೀಳದಂತೆ ತಮ್ಮ ಯೋಜನೆಯನ್ನು ಹೊಲಿದುಕೊಳ್ಳುವವರಿಂದಲೇ ಬಡವರಿಗೆ ಹೆಚ್ಚಿನ ಅಪಾಯ. ಬೆಂಗಳೂರಿನ ಐಎಂಎ ಸಂಸ್ಥೆಯು ಸಾವಿರಾರು ಕುಟುಂಬಗಳ ಹಣವನ್ನು ಪಾಲುದಾರಿಕೆಯ ಹೆಸರಿನಲ್ಲಿ ಸಂಗ್ರಹಿಸಿ 2019ರಲ್ಲಿ ಕುಸಿದುಬಿದ್ದಾಗ, ಠೇವಣಿದಾರರ ಹಿತರಕ್ಷಣೆಗಾಗಿ ಕರ್ನಾಟಕವು 2004ರಲ್ಲಿ ಮಾಡಿಕೊಂಡಿದ್ದ ಕಾಯಿದೆಯೇ ನೊಂದವರಿಗೆ ಉಳಿದ ಆಸರೆಯಾಯಿತು.

ಸಹಾರಾ ಪ್ರಕರಣವೂ ಇಂಥ ಗಡಿಯ ಪ್ರಶ್ನೆಯಿಂದಲೇ ಹುಟ್ಟಿದ್ದು. ಆ ಸಮೂಹದ ಎರಡು ಕಂಪೆನಿಗಳು ಸುಮಾರು ಮೂರು ಕೋಟಿ ಜನರಿಂದ ಇಪ್ಪತ್ತುನಾಲ್ಕು ಸಾವಿರ ಕೋಟಿ ರೂಪಾಯಿಗಳಷ್ಟು ಹಣವನ್ನು ಸಾಲಪತ್ರಗಳ ಮೂಲಕ ಎತ್ತಿ, ಇದು ನಮ್ಮ ಬಂಧುಮಿತ್ರರೊಡನೆ ನಡೆಸಿದ ಖಾಸಗಿ ವ್ಯವಹಾರವೆಂದು ವಾದಿಸಿದವು. ಐವತ್ತು ಜನರನ್ನು ಮುಟ್ಟಿದರೆ ಅದು ಸಾರ್ವಜನಿಕ ನೀಡಿಕೆಯೆಂದು ಕಾಯಿದೆ ಹೇಳುತ್ತಿತ್ತು. ಸೆಬಿಯ ಗಮನ ಅತ್ತ ಹರಿದುದು ಹೇಗೆಂಬುದು ಗಮನಾರ್ಹ: ಅದೇ ಸಮೂಹದ ಮತ್ತೊಂದು ಕಂಪೆನಿಯು ಷೇರು ಮಾರಲು ಸಲ್ಲಿಸಿದ ಪ್ರಾಸ್ಪೆಕ್ಟಸಿನ ಕರಡಿನಲ್ಲಿ ಈ ವ್ಯವಹಾರದ ಸುಳಿವು ಇತ್ತು. ಸೆಬಿಯ ಸದಸ್ಯರಾಗಿದ್ದ ಕೆ. ಎಂ. ಅಬ್ರಹಾಂ ಅವರು 2011ರಲ್ಲಿ ಹಣ ಹಿಂದಿರುಗಿಸಲು ಆಜ್ಞೆ ಮಾಡಿದರು; 2012ರ ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದು, ಶೇಕಡ 15ರ ಬಡ್ಡಿಯೊಡನೆ ಮರಳಿಸಬೇಕೆಂದಿತು. ದಾಖಲೆಗಳೆಂದು ನೂರಕ್ಕೂ ಹೆಚ್ಚು ಲಾರಿಗಳಲ್ಲಿ ಪೆಟ್ಟಿಗೆಗಳು ಮುಂಬಯಿಗೆ ಬಂದಿಳಿದವು. ಸಾವಿರಾರು ಕೋಟಿಗಳು ಸೆಬಿಯ ಖಾತೆಗೆ ಜಮೆಯಾದವು. ಆದರೆ ಅರ್ಜಿ ಹಾಕಿ, ದಾಖಲೆ ತೋರಿಸಿ, ಹಣ ಪಡೆದವರಿಗೆ ಸೆಬಿಯ ಮೂಲಕ ಸಂದದ್ದು ಸುಮಾರು 138 ಕೋಟಿ ಮಾತ್ರ. ಅಪರಾಧವನ್ನು ಹಿಡಿದದ್ದರಲ್ಲಿ ನಮ್ಮ ವ್ಯವಸ್ಥೆ ಗೆದ್ದಿತು. ಕಳೆದುಕೊಂಡವನ ಕೈಗೆ ಹಣ ಮುಟ್ಟಿಸುವುದರಲ್ಲಿ ಅದು ಇನ್ನೂ ಬಹಳ ಹಿಂದಿದೆ.

ಇತ್ತೀಚಿನ ಚಿಂತೆಯು ವಂಚನೆಯದಲ್ಲ. 2000ದಲ್ಲಿ ಆರಂಭವಾದ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರವು, ಷೇರನ್ನು ಕೊಳ್ಳದೆ ಅದರ ಮುಂದಿನ ಬೆಲೆಯ ಮೇಲೆ ಮಾಡುವ ಕರಾರು. ಬೆಲೆಯಿಳಿತದ ಭಯವಿರುವವನಿಗೆ ರಕ್ಷಣೆಯಾಗಲೆಂದು ಹುಟ್ಟಿದ್ದು. ಕೈಫೋನು ಬಂದಮೇಲೆ ಅದು ಲಕ್ಷೋಪಲಕ್ಷ ತರುಣರ ನಿತ್ಯದ ಪಣವಾಯಿತು. 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಇದರಲ್ಲಿ ತೊಡಗಿದ ವ್ಯಕ್ತಿಗಳ ಪೈಕಿ ನೂರಕ್ಕೆ 93 ಮಂದಿ ನಷ್ಟಪಟ್ಟರೆಂದೂ, ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಗಳಿಗೆ ಮಿಕ್ಕಿತೆಂದೂ ಸೆಬಿಯೇ ಅಧ್ಯಯನ ನಡೆಸಿ ಪ್ರಕಟಿಸಿದೆ. ತರುವಾಯ ಕರಾರಿನ ಕನಿಷ್ಠ ಗಾತ್ರವನ್ನು ಹೆಚ್ಚಿಸಿ, ವಾರವಾರ ಮುಗಿಯುವ ಕರಾರುಗಳನ್ನು ವಿನಿಮಯ ಕೇಂದ್ರವೊಂದಕ್ಕೆ ಒಂದರಂತೆ ಮಿತಿಗೊಳಿಸಿತು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಎಲ್ಲವೂ ಪರದೆಯ ಮೇಲೆ ಬಹಿರಂಗವಾಗಿದೆ; ಆದರೂ ಜನ ಸೋಲುತ್ತಿದ್ದಾರೆ. ಹಳೆಯ ನಿಯಂತ್ರಕನಂತೆ ಸರ್ಕಾರವೇ ಮತ್ತೆ ಅಡ್ಡಬರಬೇಕೆ, ಅಥವಾ ಎಚ್ಚರಿಕೆ ಹೇಳಿ ಬಿಡಬೇಕೆ? ಸಣ್ಣವರ ಪ್ರವೇಶವನ್ನು ಕಷ್ಟವಾಗಿಸಿದುದು ಸರಿಯೆಂದೇ ನನ್ನ ಅಭಿಪ್ರಾಯ; ಕೊಳ್ಳುವವನು ಓದಿ ತಿಳಿದು ತೀರ್ಮಾನಿಸುತ್ತಾನೆಂಬ ಭರವಸೆಯ ಮೇಲೆ ನಿಂತ ಶಾಸನವು, ಓದುವ ವ್ಯವಧಾನವೇ ಇಲ್ಲದ ಕಡೆ ಬೇರೆ ಉಪಾಯ ಹುಡುಕಲೇಬೇಕು.

ಓದುವ ಈ ಮಾತು ಬಂದುದರಿಂದ, ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ವಿಷಯವೊಂದನ್ನು ಇಲ್ಲಿ ಎತ್ತಲೇಬೇಕಾಗಿದೆ. ಅನುಮತಿಯ ಪದ್ಧತಿಯನ್ನು ಬಿಟ್ಟು ಪ್ರಕಟಣೆಯ ಪದ್ಧತಿಯನ್ನು ಹಿಡಿದ ಮೇಲೆ, ಪ್ರಾಸ್ಪೆಕ್ಟಸಿನಲ್ಲಿ ಏನಿದೆಯೆಂಬುದನ್ನು ಓದಿ ಅರಿಯಬಲ್ಲವನಿಗೆ ಮಾತ್ರ ಆ ಪ್ರಕಟಣೆಯಿಂದ ರಕ್ಷಣೆ. ಬೆಂಗಳೂರಿನಲ್ಲಿ ನೋಂದಾಯಿತವಾದ ಕಂಪೆನಿಯು ಷೇರು ನೀಡುವಾಗ ಕನ್ನಡ ದಿನಪತ್ರಿಕೆಯೊಂದರಲ್ಲಿ ಜಾಹೀರಾತು ಕೊಡತಕ್ಕದ್ದೆಂಬ ನಿಯಮವುಂಟು; ಆದರೆ ನೂರಾರು ಪುಟಗಳ ಮೂಲ ದಾಖಲೆಯು ಇಂಗ್ಲಿಷಿನಲ್ಲಿದೆ. ನೀಡಿಕೆಯ ಮುಖ್ಯಾಂಶಗಳನ್ನು ದೃಶ್ಯರೂಪದಲ್ಲಿ ವಿವರಿಸಬೇಕೆಂದು ಸೆಬಿಯು 2024ರಲ್ಲಿ ಮಾಡಿದ ಕಡ್ಡಾಯವೂ ಇಂಗ್ಲಿಷು ಹಿಂದಿಗಳಿಗೆ ನಿಂತಿದೆ. ಇತ್ತ ದಾವಣಗೆರೆಯ ಅಂಗಡಿಕಾರನಿಗೂ ಶಿರಸಿಯ ಅಡಕೆ ಬೆಳೆಗಾರನಿಗೂ ದುಪ್ಪಟ್ಟು ಲಾಭದ ಆಸೆ ತೋರಿಸುವ ಕರೆಗಳೂ ಸಂದೇಶಗಳೂ ಸೊಗಸಾದ ಕನ್ನಡದಲ್ಲಿಯೇ ಬರುತ್ತಿವೆ. ಆಮಿಷವು ಮನೆಮಾತಿನಲ್ಲಿ ದೊರೆತು ಎಚ್ಚರಿಕೆಯು ಪರಭಾಷೆಯಲ್ಲಿ ಉಳಿಯುವುದಾದರೆ ಶಾಸನದ ಉದ್ದೇಶ ಅರ್ಧಕ್ಕೆ ನಿಂತಂತೆಯೇ. ಇಡೀ ದಾಖಲೆಯನ್ನು ಭಾಷಾಂತರಿಸಬೇಕೆಂದು ನಾನು ಹೇಳುತ್ತಿಲ್ಲ. ಕಂಪೆನಿಯ ವ್ಯವಹಾರ, ಮೂರು ವರ್ಷಗಳ ಲೆಕ್ಕ, ಹಣದ ವಿನಿಯೋಗ, ಮುಖ್ಯ ಅಪಾಯಗಳು, ಪ್ರವರ್ತಕರ ಮೇಲಿನ ಮೊಕದ್ದಮೆಗಳು ಇಷ್ಟನ್ನು ಎಂಟು ಹತ್ತು ಪುಟಗಳ ತಿಳಿಗನ್ನಡದಲ್ಲಿ, ಸುಳ್ಳಿದ್ದರೆ ಮೂಲ ದಾಖಲೆಗೆ ಇರುವಷ್ಟೇ ಹೊಣೆಯೊಡನೆ, ಒದಗಿಸಬೇಕೆಂದು ಕೇಳುತ್ತಿದ್ದೇನೆ. ತೆಲುಗು, ತಮಿಳು, ಮರಾಠಿಗಳ ಓದುಗರೂ ಇದನ್ನೇ ಕೇಳಲು ಹಕ್ಕುಳ್ಳವರು. ಇದಕ್ಕೆ ಸಂಸತ್ತಿನ ಹೊಸ ಕಾಯಿದೆಯ ಅಗತ್ಯವಿಲ್ಲ. ನಿಬಂಧನೆಗಳನ್ನು ರಚಿಸುವ ಅಧಿಕಾರವು ಸೆಬಿಯ ಕೈಯಲ್ಲಿಯೇ ಇದೆ.